ತೋರುಬೆರಳಿಲ್ಲದ ಕೈಗೊಂದು ಕ್ಯಾಮೆರಾ

ನಿಮ್ಮ ಅಡುಗೆಮನೆಯ ಹಲಗೆಗಳ ಮೇಲೆ ಏನು ಹಾಸುತ್ತೀರಿ? ಹೆಚ್ಚಿನ ಮನೆಗಳಲ್ಲಿ ಹಳೆಯ ವರ್ತಮಾನಪತ್ರಿಕೆ ಇರುತ್ತದೆ. ತುಸು ಅನುಕೂಲಸ್ಥರಾದರೆ ಹೂಬಳ್ಳಿಯ ಚಿತ್ತಾರದ ಪ್ಲಾಸ್ಟಿಕ್ಕು. ಪುಣೆಯ ಹತ್ತಿರದ ನಿಗಡಿಯ ನಮ್ಮ ಪುಟ್ಟ ಮನೆಯಲ್ಲಿ ಒಂದು ಕಾಲಕ್ಕೆ ಕ್ಯಾಮೆರಾಗಳನ್ನೇ ಹಾಸಿದ್ದೆವು. ಗಾಬರಿಯಾಗಬೇಡಿ, ಕ್ಯಾಮೆರಾ ಅಂಗಡಿಗಳಲ್ಲಿ ಪುಕ್ಕಟೆಯಾಗಿ ಕೊಡುವ ಬಣ್ಣದ ಮಾಹಿತಿ ಪತ್ರಗಳನ್ನು. ದಪ್ಪನೆಯ, ನುಣುಪಾದ, ಎಣ್ಣೆ ಬಿದ್ದರೂ ಒರೆಸಿದರೆ ಹೋಗುವ ಆ ಕಾಗದ ಹಲಗೆಗೆ ಹಾಸಲೆಂದೇ ಹುಟ್ಟಿದ್ದೆಂದು ನನ್ನ ಹೆಂಡತಿ ಶಾಂತಾಳ ಖಚಿತ ಅಭಿಪ್ರಾಯವಾಗಿತ್ತು. ಶೇಂಗಾ ಚಟ್ನಿಯ ಡಬ್ಬಿ ಎತ್ತಿದರೆ ಅಡಿಯಿಂದ ಒಂದು ದೊಡ್ಡ ಲೆನ್ಸು ಕಣ್ಣು ಬಿಟ್ಟು ನೋಡುತ್ತಿತ್ತು. ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಯಾವುದೋ ದೇಶದ ಹಿಮಪರ್ವತ ತಣ್ಣಗೆ ಮಲಗಿತ್ತು. ಮನೆಯ ತುಂಬ ಕ್ಯಾಮೆರಾ ಇತ್ತು, ಮನೆಯಲ್ಲಿ ಕ್ಯಾಮೆರಾ ಮಾತ್ರ ಇರಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾದ ಕಾಲದ ಮಾತು. ರೀಲು ಹಾಕುವ ಕ್ಯಾಮೆರಾಗಳು ಮೆಲ್ಲನೆ ಮೂಲೆ ಸೇರುತ್ತಿದ್ದವು. ಅದುವರೆಗೆ ಮದುವೆಮನೆಯ ಛಾಯಾಗ್ರಾಹಕರ ಕೊರಳಲ್ಲಷ್ಟೇ ಕಾಣುತ್ತಿದ್ದ, ಲೆನ್ಸು ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾಗಳು ‘ಡಿಜಿಟಲ್ ಎಸ್‌ಎಲ್‌ಆರ್’ ಎಂಬ ಹೊಸ ಹೆಸರು ಹೊತ್ತು ಪುಣೆಯ ಅಂಗಡಿಗಳ ಗಾಜಿನ ಹಿಂದೆ ಬಂದು ಕುಳಿತಿದ್ದವು. ನಮ್ಮಂಥವರಿಗೂ, ಸ್ವಲ್ಪ ಉಸಿರು ಬಿಗಿಹಿಡಿದರೆ, ಅವು ಕೈಗೆಟುಕುವಂತಾಗಿದ್ದವು. ‘ಕೈಗೆಟುಕುವುದು’ ಎಂಬ ಮಾತನ್ನು ನಾನು ಬಲು ಎಚ್ಚರದಿಂದ ಬಳಸುತ್ತೇನೆ. ಯಾಕೆಂದರೆ ನನ್ನ ಬಲಗೈಗೆ ತೋರುಬೆರಳಿಲ್ಲ. ಅದರ ಪಕ್ಕದ ನಡುಬೆರಳೂ ಇಲ್ಲ.

ನಾನು ವಿಜಾಪುರದ ಕಡೆಯವನು. ಹರೆಯದಲ್ಲಿ ಪಿಂಪ್ರಿ-ಚಿಂಚವಾಡಕ್ಕೆ ಬಂದು, ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಯಂತ್ರದ ಮುಂದೆ ನಿಂತವನು. ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ಯಂತ್ರ ಕೆಳಗಿಳಿಯುವ ಹೊತ್ತಿಗೆ ನನ್ನ ಕೈ ಇರಬಾರದ ಜಾಗದಲ್ಲಿ ಇತ್ತು. ಅಷ್ಟೇ ಕಥೆ, ಅದನ್ನು ಹಿಗ್ಗಿಸಿ ನಿಮ್ಮನ್ನು ನೋಯಿಸುವ ಇಚ್ಛೆ ನನಗಿಲ್ಲ. ಗಾಯ ಮಾಯ್ದ ಮೇಲೆ ನನ್ನನ್ನು ಸ್ಟೋರ್ಸ್ ವಿಭಾಗದ ಮೇಜಿಗೆ ಹಾಕಿದರು. ಎಡಗೈಯಲ್ಲಿ ಬರೆಯಲು ಕಲಿತೆ. ಹೆಬ್ಬೆರಳು, ಉಂಗುರಬೆರಳು, ಕಿರುಬೆರಳುಗಳೆಂಬ ತ್ರಿಮೂರ್ತಿಗಳಿಂದಲೇ ರೊಟ್ಟಿ ಮುರಿದು ಪಲ್ಯ ಕಟ್ಟಿಕೊಂಡು ಉಣ್ಣಲು ಕಲಿತೆ. ಇವೆರಡಕ್ಕಿಂತ ಚೆನ್ನಾಗಿ ಕಲಿತ ಮೂರನೆಯ ವಿದ್ಯೆಯೊಂದಿದೆ: ಆ ಕೈಯನ್ನು ಪ್ಯಾಂಟಿನ ಕಿಸೆಯೊಳಗೆ ಇಟ್ಟುಕೊಂಡೇ ಬದುಕುವುದು. ಬಸ್ಸಿನಲ್ಲಿ, ಮದುವೆಯಲ್ಲಿ, ಕನ್ನಡ ಬಳಗದ ಹಬ್ಬದಲ್ಲಿ ನಾನು ಯಾವಾಗಲೂ ಯಾವುದೋ ಗಹನವಾದ ಯೋಚನೆಯಲ್ಲಿರುವ ಗೃಹಸ್ಥನಂತೆ ಕಿಸೆಗೆ ಕೈಯಿಟ್ಟು ನಿಂತಿರುತ್ತಿದ್ದೆ. ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ನೆರೆಹೊರೆಯವರಿಗೂ ನನ್ನ ಕೈಯ ವಿಚಾರ ಹೆಚ್ಚುಕಡಿಮೆ ಮರೆತೇಹೋಗಿತ್ತು.

ತೋರುಬೆರಳು ಎಂಬ ಹೆಸರನ್ನು ನೀವೆಂದಾದರೂ ನಿಂತು ಯೋಚಿಸಿದ್ದೀರಾ? ಅದಿದ್ದಾಗ ನಾನೂ ಯೋಚಿಸಿದವನಲ್ಲ. ಹೋದ ಮೇಲೆ ತಿಳಿಯಿತು, ಅದರ ಮುಖ್ಯ ಕೆಲಸ ಹಿಡಿಯುವುದೂ ಅಲ್ಲ, ಒತ್ತುವುದೂ ಅಲ್ಲ. ‘ಅಲ್ಲಿ ನೋಡು’ ಎನ್ನುವುದು. ನಿಗಡಿಯ ಗುಡ್ಡದ ಮೇಲೆ ಮುಂಜಾನೆ ನಡೆಯುವಾಗ ಮರದ ತುದಿಯಲ್ಲಿ ಒಂದು ಗಿಡುಗ ಕೂತದ್ದು ಕಂಡರೆ, ಜೊತೆಗಿದ್ದವರಿಗೆ ತೋರಿಸಲು ಕಿಸೆಯೊಳಗಿನ ಕೈ ತಾನಾಗಿ ಮಿಡುಕುತ್ತಿತ್ತು, ಮತ್ತೆ ತಾನಾಗಿ ಸುಮ್ಮನಾಗುತ್ತಿತ್ತು. ಕ್ಯಾಮೆರಾದ ಆಸೆ ಬಾಲ್ಯದ್ದೇ ಇದ್ದೀತು. ಶಾಲೆಯಿಂದ ಗೋಳಗುಮ್ಮಟಕ್ಕೆ ಕರೆದೊಯ್ದಾಗ ಯಾರೋ ಪ್ರವಾಸಿಯೊಬ್ಬರು ತಮ್ಮ ಕ್ಯಾಮೆರಾದ ಕಿಂಡಿಯೊಳಗೆ ನನ್ನ ಕಣ್ಣಿಡಿಸಿದ್ದರು. ಅಷ್ಟು ದೊಡ್ಡ ಗುಮ್ಮಟ ಅಷ್ಟು ಚಿಕ್ಕ ಚೌಕದೊಳಗೆ ಬಂದು ಕೂತದ್ದು ಕಂಡು ಬೆರಗಾಗಿದ್ದೆ. ಆದರೆ ಆ ಆಸೆಗೆ ಹಸಿವು ಹುಟ್ಟಿದ್ದು ಬೆರಳು ಹೋದ ಮೇಲೆಯೇ. ವಿಪರ್ಯಾಸ ನೋಡಿ: ತೋರಿಸುವ ಬೆರಳಿಲ್ಲವೆಂದು ಕ್ಯಾಮೆರಾ ಬೇಕು, ಕ್ಯಾಮೆರಾದ ಗುಂಡಿ ಒತ್ತಲು ಆ ಬೆರಳೇ ಬೇಕು! ಜಗತ್ತಿನ ಕ್ಯಾಮೆರಾಗಳೆಲ್ಲ ಬಲಗೈ ಹಿಡಿಯುವುದಕ್ಕೆಂದೇ, ಬಲಗೈಯ ತೋರುಬೆರಳು ಒತ್ತುವುದಕ್ಕೆಂದೇ ಅಚ್ಚಿನಲ್ಲಿ ಎರಕ ಹೊಯ್ದವು.

ಹೀಗಾಗಿ ನಾನು ಕ್ಯಾಮೆರಾ ಕೊಳ್ಳಲಿಲ್ಲ, ಆಯ್ಕೆ ಮಾಡತೊಡಗಿದೆ. ಇವೆರಡರ ನಡುವಿನ ಅಂತರ ಎಷ್ಟು ವಿಶಾಲವೆಂದರೆ ಅಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಮನೆ ಮಾಡಿಕೊಂಡಿರಬಹುದು. ರವಿವಾರ ಬಂದರೆ ಬಸ್ಸು ಹತ್ತಿ ಪುಣೆಯ ಲಕ್ಷ್ಮೀ ರಸ್ತೆಗೋ ಕ್ಯಾಂಪಿಗೋ ಹೋಗಿ, ಗಾಜಿನ ಮುಂದೆ ನಿಂತು ನೋಡಿ, ಮಾಹಿತಿ ಪತ್ರ ಬೇಡಿ ತರುತ್ತಿದ್ದೆ. ಅಂಗಡಿಯವರು ಕೇಳಿದರೆ ‘ನಮ್ಮ ನೆಂಟರೊಬ್ಬರಿಗೆ’ ಎನ್ನುತ್ತಿದ್ದೆ. ಮನೆಗೆ ಬಂದು ಅವುಗಳನ್ನು ಎದುರು ಹರವಿಕೊಂಡು ಮೆಗಾಪಿಕ್ಸೆಲ್ ಯಾವುದರಲ್ಲಿ ಹೆಚ್ಚು, ಮಬ್ಬು ಬೆಳಕಿನಲ್ಲಿ ಯಾವುದು ವಾಸಿ, ಯಾವ ಲೆನ್ಸಿಗೆ ಯಾವ ಕ್ಯಾಮೆರಾದ ಮೈ ಹೊಂದುತ್ತದೆ ಎಂದು ಜಾತಕ ಕೂಡಿಸುತ್ತಿದ್ದೆ. ಓದಿ ಮುಗಿದವು ಅಡುಗೆಮನೆಯ ಹಲಗೆ ಸೇರುತ್ತಿದ್ದವು. ತರಕಾರಿ ಸಂತೆಯಲ್ಲಿ ಒಂದು ಬದನೆಕಾಯಿಯನ್ನೂ ಹಿಸುಕಿ, ತಿರುಗಿಸಿ, ಮೂಸಿ ನೋಡದೆ ಕೊಳ್ಳದ ಶಾಂತಾ, ಮುಟ್ಟದೆಯೇ ಕ್ಯಾಮೆರಾ ಆರಿಸುತ್ತಿದ್ದ ನನ್ನನ್ನು ನೋಡಿಯೂ ಏನೂ ಅನ್ನುತ್ತಿರಲಿಲ್ಲ.

ಅನ್ನದಿದ್ದರೂ ಸುದ್ದಿ ಹೇಗೋ ಹರಡಿತು. ನಮ್ಮ ಕಾಲನಿಯಲ್ಲಿ ಯಾರಿಗೆ ಕ್ಯಾಮೆರಾ ಬೇಕಾದರೂ ನನ್ನಲ್ಲಿಗೆ ಬರತೊಡಗಿದರು. ಮೊದಲ ಸಲ ಕೊಳ್ಳುವವರ ಗೊಂದಲವೆಲ್ಲ ಒಂದೇ ಬಗೆಯದು. ದೊಡ್ಡ ಸಂಖ್ಯೆ ಕಂಡರೆ ಮರುಳಾಗುತ್ತಾರೆ, ಅಕ್ಕನ ಗಂಡ ಕೊಂಡದ್ದೇ ತಮಗೂ ಬೇಕೆನ್ನುತ್ತಾರೆ. ನಾನು ಅವರನ್ನು ಕೂಡಿಸಿ, ‘ಮೈಗೆ ದುಡ್ಡು ಸುರೀಬ್ಯಾಡ್ರಿ, ಲೆನ್ಸಿಗೆ ಉಳಸ್ರಿ’ ಎಂದು ಚಹಾ ಕುಡಿಸಿ ಬುದ್ಧಿ ಹೇಳಿ ಕಳಿಸುತ್ತಿದ್ದೆ. ಒಂದು ಮಾದರಿಯನ್ನಂತೂ ಕಂಡಕಂಡವರಿಗೆಲ್ಲ ಬೇಡವೆನ್ನುತ್ತಿದ್ದೆ. ಮೈ ದಪ್ಪ, ಹಿಂದಿನ ಪರದೆ ಚಿಕ್ಕದು, ಹಳೆಯದಾಯಿತು ಎಂದು ಅದರ ಮೇಲೆ ನನಗೆ ಒಂದು ಬಗೆಯ ಪಾಂಡಿತ್ಯದ ತಿರಸ್ಕಾರವಿತ್ತು. ನನ್ನ ಮಾತು ನಂಬಿ ಕೊಂಡವರೆಲ್ಲ ಸುಖವಾಗಿದ್ದರು. ಸ್ವಯಂವರಗಳನ್ನು ನಡೆಸಿಕೊಡುವ ಬ್ರಹ್ಮಚಾರಿಯಂತೆ ನಾನೂ ಸುಖವಾಗಿಯೇ ಇದ್ದೆ ಎಂದುಕೊಂಡಿದ್ದೆ.

ಆಗ ಬಂದವರು ಸುಮನಕ್ಕ. ನಮ್ಮ ಮೇಲಿನ ಮಹಡಿಯವರು, ಜಮಖಂಡಿಯ ಕಡೆಯವರು, ಶಾಲೆಯಲ್ಲಿ ಗಣಿತ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದವರು. ತಾರಸಿಯ ಮೇಲೆ ಕುಂಡಗಳಲ್ಲಿ ದಾಸವಾಳ ಬೆಳೆಸಿದ್ದರು. ಅದಕ್ಕೆ ಬರುವ ಪುಟ್ಟ ಸೂರಕ್ಕಿಯ ಫೋಟೋ ತೆಗೆಯಬೇಕೆಂಬುದು ಅವರ ಹಂಬಲ. ಉಳಿದವರಂತೆ ನನ್ನ ಉಪದೇಶ ಕೇಳಿ ಹೋಗಿಬಿಡುವ ಜಾಯಮಾನ ಅವರದಲ್ಲ.

“ನೀವೂ ಬರಬೇಕ್ರಿ ಅಣ್ಣಾರ, ಅಂಗಡಿಗೆ. ನಾ ಒಬ್ಬಾಕಿನ ಹೋದ್ರ ಅವರು ನನಗ ಯಾವದರ ಕಟ್ಟಿ ಕಳಸ್ತಾರ” ಎಂದರು.

ನಾನು ನೆಪ ಹುಡುಕುವಷ್ಟರಲ್ಲಿ ಶಾಂತಾ ಒಳಗಿನಿಂದಲೇ, “ಬರ್ತಾರ್ರಿ ಸುಮನಕ್ಕ. ನಾನೂ ಬರ್ತೀನಿ. ಈ ರವಿವಾರನ ಹೋಗೂಣು” ಎಂದುಬಿಟ್ಟಳು.

ಕ್ಯಾಂಪಿನ ಆ ಅಂಗಡಿ ಚಿಕ್ಕದು; ಗಾಜಿನ ಮೇಜಿನ ಆಚೆ ನರೆತ ಮೀಸೆಯ ಮರಾಠಿ ಯಜಮಾನರು, ಈಚೆ ನಾವು ಮೂವರು, ನಮ್ಮ ಬೆನ್ನ ಹಿಂದೆ ಸರದಿ ಕಾಯುವ ನಾಲ್ಕೈದು ಗಿರಾಕಿಗಳು. ನಾನು ಮಾತಿನಲ್ಲಿ ಮುಂದಾಳು. ಇದನ್ನು ತೋರಿಸಿ, ಅದನ್ನು ತೋರಿಸಿ, ಇದರ ಲೆನ್ಸು ಬದಲಿಸಿ ತೋರಿಸಿ ಎಂದು ಹೇಳುತ್ತಲೇ ಇದ್ದೆ, ಬಲಗೈ ಕಿಸೆಯಲ್ಲಿ. ಯಜಮಾನರು ನನ್ನ ಜ್ಞಾನಕ್ಕೆ ತಲೆದೂಗಿ, ನಾನು ಹೊಗಳಿದ ಕ್ಯಾಮೆರಾವನ್ನು ಸುಮನಕ್ಕನ ಕೈಗಿತ್ತರು. ಅವರು ಅದನ್ನು ಕೂಸಿನಂತೆ ಎತ್ತಿಕೊಂಡು, ಕಿಂಡಿಯಲ್ಲಿ ಒಮ್ಮೆ ಇಣುಕಿ, ನನ್ನತ್ತ ಚಾಚಿದರು.

“ನನಗೇನ ತಿಳೀತದ್ರಿ ಇದರಾಗ? ನೀವ ಒಮ್ಮೆ ಹಿಡದ ನೋಡಿ ಹೇಳ್ರಿ.”

“ಹಿಡಿಯೋದೇನದ ಸುಮನಕ್ಕ, ಇದರ ಬಗ್ಗೆ ನನಗೆಲ್ಲಾ ಗೊತ್ತದ” ಎಂದೆ.

ಚಾಚಿದ ಕೈ ಹಾಗೆಯೇ ಇತ್ತು. ಯಜಮಾನರೂ ಕಾದರು. ಆಗ ಶಾಂತಾ, ನನಗಷ್ಟೇ ಕೇಳುವಂತೆ, ಆದರೆ ಎಂದೂ ಆಡದಂಥ ದನಿಯಲ್ಲಿ ಹೇಳಿದಳು:

“ನಿಮಗ ಗೊತ್ತದ ಅನ್ನೋದು ನನಗೂ ಗೊತ್ತದ್ರಿ. ನಮ್ಮ ಚಟ್ನಿ ಡಬ್ಬಿಗೆ ಸುದ್ದಾ ಗೊತ್ತದ. ನಿಮ್ಮ ಕೈ ಏನಂತದ, ಅದನ್ನ ಕೇಳ್ರಿ.”

ಕೈಯನ್ನು ಹೊರಗೆ ತೆಗೆದೆ.

ಬಹಳ ಕಾಲದಿಂದ ಹೆದರಿಕೊಂಡು ಬಂದದ್ದು ಕೊನೆಗೂ ಎದುರಾದಾಗ ಹೇಗಿರುತ್ತದೆಂದು ನಿಮಗೆ ಅನುಭವವಿದ್ದೀತು. ನಾನೆಣಿಸಿದ್ದೆ, ಅಂಗಡಿಯ ಸದ್ದೆಲ್ಲ ನಿಂತುಹೋಗುತ್ತದೆ ಎಂದು. ನಿಲ್ಲಲಿಲ್ಲ. ಹಿಂದೆ ಯಾರೋ ಸೆಲ್ಲಿನ ಬಗ್ಗೆ ವಿಚಾರಿಸುತ್ತಿದ್ದವರು ವಿಚಾರಿಸುತ್ತಲೇ ಇದ್ದರು. ಯಜಮಾನರು ನನ್ನ ಕೈ ನೋಡಿದರು, ಅತ್ತ ನೋಡಿದರು, ಮತ್ತೆ ಕೈ ನೋಡಿದರು. ಸುಮನಕ್ಕ ಮಾತ್ರ ಕೆಳದುಟಿ ಕಚ್ಚಿಕೊಂಡರು. ಅವರಿಗೆ ಆಗಷ್ಟೇ ನೆನಪಾಗಿತ್ತು.

ನಾನು ಕ್ಯಾಮೆರಾ ಹಿಡಿದೆ. ಉಂಗುರಬೆರಳೂ ಕಿರುಬೆರಳೂ ಹಿಡಿಯನ್ನು ಸುತ್ತಿಕೊಂಡವು, ಆದರೆ ಮೇಲಿನ ಗುಂಡಿಯ ಬಳಿ ಇರಬೇಕಾದ ಬೆರಳ ಜಾಗದಲ್ಲಿ ಬರಿಯ ಗಾಳಿ. ಉಂಗುರಬೆರಳನ್ನೇ ಎಳೆದು ಅತ್ತ ಸಾಗಿಸಿದರೆ ಹಿಡಿತ ಸಡಿಲಿ ಕ್ಯಾಮೆರಾ ವಾಲಿತು. ಯಜಮಾನರು ಚಟ್ಟನೆ ಕೈ ಚಾಚಿ ಅದರ ಪಟ್ಟಿ ಹಿಡಿದುಕೊಂಡರು. ಕೈ ಕೊಡುವುದು ಎಂದರೆ ಮೋಸವಾಗುವುದು ಎಂದೂ ಅರ್ಥ, ನೆರವಾಗುವುದು ಎಂದೂ ಅರ್ಥ; ಒಂದೇ ಗಳಿಗೆಯಲ್ಲಿ ಎರಡೂ ಆದವು. ನನ್ನ ಕಿವಿ ಬಿಸಿಯಾಗಿ, “ಇರಲಿ ಬಿಡಿ, ನಾನು ಕೊಳ್ಳುವವನಲ್ಲ, ಈ ಅಕ್ಕನವರಿಗೆ ಬೇಕಾಗಿತ್ತು” ಎಂದು ಮರಾಠಿಯಲ್ಲಿ ತೊದಲಿದೆ.

ಯಜಮಾನರು ಆ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ಮುಖದಲ್ಲಿ ಕನಿಕರಕ್ಕಿಂತ ಹೆಚ್ಚಾಗಿ ಒಗಟು ಸಿಕ್ಕವನ ಉತ್ಸಾಹವಿತ್ತು. ಒಂದು ತಂತಿಯ ಗುಂಡಿ ತಂದು ಜೋಡಿಸಿದರು. ಅದನ್ನು ಎಡಗೈಯಲ್ಲಿ ಒತ್ತಬಹುದಿತ್ತು, ಆದರೆ ಎಡಗೈ ಲೆನ್ಸಿನ ಭಾರ ಹೊರಬೇಕಾಗಿತ್ತಲ್ಲ! ಮೂರು ಕಾಲಿನ ಸ್ಟ್ಯಾಂಡು ತಂದರು. ಗುಡ್ಡ ಹತ್ತುವಾಗಲೆಲ್ಲ ಅದನ್ನು ಹೊರುವ ಕಲ್ಪನೆಗೇ ನನಗೆ ದಣಿವಾಯಿತು. ಹಗುರಾದದ್ದು ಕೊಟ್ಟರು, ಜಾರಿತು. ಭಾರವಾದದ್ದು ಕೊಟ್ಟರು, ವಾಲಿತು. ಗಾಜಿನ ಮೇಜಿನ ಮೇಲೆ ಕ್ಯಾಮೆರಾಗಳ ಸಂತೆ ನೆರೆಯಿತು.

“ತಿರುವಿ ಹಿಡೀರಿ” ಎಂದಳು ಶಾಂತಾ.

“ಹಂಗಂದ್ರ?”

“ಕೆಳಗ ಮ್ಯಾಲ ಮಾಡ್ರಿ. ಹಿಡಿಕಿ ಎಡಕ್ಕ ಬರ್ತದ. ಹಂಚಿನ ಮ್ಯಾಲಿನ ರೊಟ್ಟಿ ಏನ ಒಂದ ಮಗ್ಗಲಾ ಬೇಯ್ತದೇನ್ರಿ?”

ಅವಳು ಕೈಸನ್ನೆ ಮಾಡಿ ತೋರಿಸಿದ್ದು ಯಜಮಾನರಿಗೂ ಅರ್ಥವಾಯಿತು. ನಕ್ಕು, “ವಹಿನೀ, ಕ್ಯಾಮೆರಾವನ್ನು ಯಾರೂ ಹಾಗೆ ಹಿಡಿಯುವುದಿಲ್ಲ” ಎಂದರು ಮರಾಠಿಯಲ್ಲಿ. ಶಾಂತಾಳ ಮರಾಠಿ ನನ್ನದಕ್ಕಿಂತ ಚುರುಕು. “ಹಿಡಿದರೆ ಏನಾಗುತ್ತದೆ?” ಎಂದು ಕೇಳಿದಳು. ಅವರು ಬಾಯಿ ತೆರೆದರು, ಯೋಚಿಸಿದರು, ಮೀಸೆ ನೇವರಿಸಿದರು. ಆಮೇಲೆ ಪ್ರಾಮಾಣಿಕವಾಗಿ, “ಏನೂ ಆಗುವುದಿಲ್ಲ” ಎಂದು ಒಪ್ಪಿಕೊಂಡರು.

ತಲೆಕೆಳಗಾಗಿ ಹಿಡಿದೆ. ಕ್ಯಾಮೆರಾದ ಹಿಡಿ ಎಡಗೈಗೆ ಬಂತು. ಗುಂಡಿ ಕೆಳಗಾಯಿತು, ಎಡಗೈಯ ಹೆಬ್ಬೆರಳು ಅಡಿಯಿಂದ ಅದನ್ನು ತಾನಾಗಿ ಹುಡುಕಿಕೊಂಡಿತು. ಲೆನ್ಸಿನ ಭಾರ ಬಲಗೈ ಮೇಲೆ ಇಳಿಯಿತು. ಅದನ್ನು ಹೊರಲು, ಅದರ ಉಂಗುರವನ್ನು ತಿರುಗಿಸಲು ಹೆಬ್ಬೆರಳೂ ಎರಡು ಬೆರಳೂ ಧಾರಾಳ ಸಾಕು. ಕಿಂಡಿಗೆ ಕಣ್ಣಿಟ್ಟೆ. ನನ್ನ ಎಣಿಕೆಯಲ್ಲಿ ಅಂಗಡಿಯೆಲ್ಲ ತಲೆಕೆಳಗಾಗಿ ಕಾಣಬೇಕಿತ್ತು. ಇಲ್ಲ, ಯಜಮಾನರು ನೆಟ್ಟಗೇ ನಿಂತಿದ್ದರು, ಅವರ ಮೀಸೆಯೂ ನೆಟ್ಟಗಿತ್ತು. ಹೆಬ್ಬೆರಳು ಒತ್ತಿದೆ. ಒಳಗೆಲ್ಲೋ ಕನ್ನಡಿ ಮೇಲೆದ್ದು ಬಿದ್ದ ಆ ಸದ್ದು, ಕಾಗದದ ಮೇಲೆ ಯಾವ ಕಂಪನಿಯೂ ಅಚ್ಚು ಹಾಕದ ಆ ಸದ್ದು, ಅಂಗೈಯಿಂದ ಮೊಣಕೈವರೆಗೆ ಹರಿಯಿತು.

ಒಂದೊಂದಾಗಿ ಎಲ್ಲವನ್ನೂ ತಿರುವಿ ಹಿಡಿದು ನೋಡಿದೆ. ನಾನು ಊರಿಗೆಲ್ಲ ಶಿಫಾರಸು ಮಾಡಿದ ಸುಂದರ, ಸಪೂರ ಕ್ಯಾಮೆರಾಗಳು ತಲೆಕೆಳಗಾದಾಗ ಅಂಗೈಯಲ್ಲಿ ನಿಲ್ಲಲೊಲ್ಲವು. ನಿಂತದ್ದು ಒಂದೇ ಒಂದು, ಮೈ ದಪ್ಪಗಿದ್ದದ್ದು, ಪರದೆ ಚಿಕ್ಕದಿದ್ದದ್ದು. ಸುಮನಕ್ಕ ಚಪ್ಪಾಳೆ ತಟ್ಟಿ ನಕ್ಕರು.

“ಅಣ್ಣಾರ! ಇದನ್ನ ಹಿತ್ತಲಕ್ಕ ಒಗೀಬೇಕು ಅಂತ ನೀವ ನನಗ ಹೇಳಿದ್ರೆಲ್ಲ!”

“ಅದು ನಿಮಗ ಹೇಳಿದ್ದು ಸುಮನಕ್ಕ” ಎಂದೆ. ನಗು ತಡೆಯಲಾಗಲಿಲ್ಲ.

ಆದರೂ ಹಳೆಯ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಇನ್ನೊಂದು ವಾರ ವಿಚಾರ ಮಾಡಿ ಬರುತ್ತೇನೆಂದೆ. ಶಾಂತಾ ತನ್ನ ಚೀಲವನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದಳು. “ವಿಚಾರ ಭಾಳ ಆಗೇದ್ರಿ. ಹಾಸಲಿಕ್ಕೆ ಇನ್ನ ಹಲಗಿ ಉಳದಿಲ್ಲ.”

ಹೀಗೆ ಸುಮನಕ್ಕ ತಮಗೊಂದು, ನಾನು ನನಗೊಂದು ಕೊಂಡು ಹೊರಬಂದೆವು. ನಿಗಡಿಗೆ ಹೋಗುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ರಸ್ತೆಯ ಕುಲುಕಾಟಕ್ಕೆ ಒಂದು ಕೈ ಸಾಲುತ್ತಿರಲಿಲ್ಲ. ಎದುರಿನ ಸೀಟಿನ ಹೆಂಗಸೊಬ್ಬಳು ನನ್ನ ಕೈ ನೋಡಿ, ಆಮೇಲೆ ಕಿಟಕಿಯ ಹೊರಗೆ ನೋಡಿದಳು. ಅಷ್ಟೇ. ಅಷ್ಟಕ್ಕೋಸ್ಕರ ಎಷ್ಟು ಪ್ಯಾಂಟುಗಳ ಬಲಗಿಸೆ ಹರಿದುಕೊಂಡಿದ್ದೆನಲ್ಲ ಎಂದು ನನಗೆ ನನ್ನ ಮೇಲೆಯೇ ಮರುಕ ಹುಟ್ಟಿತು. ಆಯ್ಕೆಯೆಂದು ನಾನು ಕರೆಯುತ್ತಿದ್ದುದು ಅಂಜಿಕೆಯ ಮರ್ಯಾದಸ್ಥ ಹೆಸರಾಗಿತ್ತೇನೋ. ಮಿತ್ರರೇ, ನೀವೂ ಏನನ್ನಾದರೂ ಬಹುಕಾಲದಿಂದ ಆಯ್ಕೆ ಮಾಡುತ್ತಲೇ ಇದ್ದರೆ, ನಿಮ್ಮನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ನಿಮ್ಮ ಮನೆಯಲ್ಲೂ ಒಬ್ಬರು ಸುಮ್ಮನೆ ನೋಡುತ್ತ ಕಾಯುತ್ತಿರಬಹುದು ಎಂದಷ್ಟೇ ಹೇಳಬಲ್ಲೆ.

ಮುಂದಿನ ದಿನಗಳು ತಮಾಷೆಯವು. ಸುಮನಕ್ಕನ ಮನೆಯ ಕಂಪ್ಯೂಟರಿಗೆ ಹಾಕಿದರೆ ನನ್ನ ಚಿತ್ರಗಳೆಲ್ಲ ಬಾವಲಿಗಳಂತೆ ತಲೆಕೆಳಗಾಗಿ ಜೋತುಬಿದ್ದಿರುತ್ತಿದ್ದವು. ಅವರು ಒಂದೊಂದನ್ನೇ ತಿರುಗಿಸಿ ನೆಟ್ಟಗೆ ಮಾಡಿಕೊಡುತ್ತಿದ್ದರು. ಗುಡ್ಡದ ಮೇಲೆ ಮಕ್ಕಳು ನನ್ನ ಹಿಂದೆ ಬಿದ್ದು “ಕಾಕಾ, ಕ್ಯಾಮೆರಾ ಉಲಟಾ ಧರಲಾಯ್!”, ತಲೆಕೆಳಗಾಗಿ ಹಿಡಿದಿದ್ದೀರಿ, ಎಂದು ಕೂಗುತ್ತಿದ್ದವು. ಕೆಲವು ಹಿರಿಯರು ಪಾಪ, ಇವನಿಗೆ ಕಲಿಸಿಕೊಟ್ಟವರಿಲ್ಲವೆಂದು ಹತ್ತಿರ ಬಂದು ಸರಿಪಡಿಸಲು ಕೈ ಹಾಕಿ, ನನ್ನ ಬೆರಳು ಕಂಡು ಹಿಂದೆಗೆಯುತ್ತಿದ್ದರು. ಅವರ ಮುಜುಗರ ಕಂಡು, ಅವರನ್ನು ನಾನೇ ಸಮಾಧಾನ ಮಾಡಿ ಕಳಿಸಬೇಕಾಗುತ್ತಿತ್ತು. ಗಿಡುಗನ ಚಿತ್ರ ಮಸುಕಾಗಿ ಬಂತು. ಮರುವಾರವೂ ಮಸುಕು. ಮಳೆ ಮುಗಿದು ಬೆಳಕು ತಿಳಿಯಾದ ಮೇಲೆ ಒಂದು ಮುಂಜಾನೆ ಅದರ ಕೊಕ್ಕು, ಹಳದಿ ಕಣ್ಣು, ಎದೆಯ ಗರಿಗಳ ಅಡ್ಡಪಟ್ಟೆ ಎಲ್ಲವೂ ಸ್ಪಷ್ಟವಾಗಿ ಬಂದವು. ಮನೆಗೆ ಓಡಿ ಬಂದು ಶಾಂತಾಳಿಗೆ ತೋರಿಸಿದೆ.

“ಭಾಳ ಚಂದ ಬಂದದ” ಎಂದಳು. “ಹಕ್ಕಿ ಆತು, ಗುಡ್ಡ ಆತು, ಸುಮನಕ್ಕನ ದಾಸಾಳನೂ ಆತು. ಮನ್ಯಾಗ ಇರೋರು ಯಾರೂ ನಿಮ್ಮ ಕಣ್ಣಿಗೆ ಬೀಳೂದಿಲ್ಲೇನು?” ಎಂದಳು.

ನಿಜ. ಅವಳ ಒಂದು ಚಿತ್ರವನ್ನೂ ನಾನು ತೆಗೆದಿರಲಿಲ್ಲ. ಬಾಲ್ಕನಿಯ ಬಾಗಿಲ ಎದುರು ಕುರ್ಚಿ ಹಾಕಿ ಕೂಡಿಸಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು, ಕುಂಕುಮ ಸರಿಯಾಗಿದೆಯೇ ಎಂದು ಕೇಳಿದಳು, ಆಮೇಲೆ ನೇರವಾಗಿ ನನ್ನತ್ತ ನೋಡಿದಳು. ನಾನು ಬೆಳಕಿಗೆ ಬೆನ್ನು ಮಾಡಿ ನಿಂತು, ಅವಳ ಮುಖವಷ್ಟೇ ತುಂಬುವಂತೆ ಹತ್ತಿರ ಸರಿದು, ತೆಗೆದೆ.

ಇಬ್ಬರೂ ತಲೆಗೆ ತಲೆ ತಾಗಿಸಿ ಹಿಂದಿನ ಪುಟ್ಟ ಪರದೆ ನೋಡಿದೆವು. ಅವಳಿಗೆ ತನ್ನ ಬಿಳಿಗೂದಲು ಕಂಡಿತು, ಗಲ್ಲದ ಮೇಲಿನ ಕಲೆ ಕಂಡಿತು. ಕಣ್ಣು ಚೆನ್ನಾಗಿ ಬಂದಿದೆಯೇ ನೋಡಲು ನಾನು ಚಿತ್ರವನ್ನು ಹಿಗ್ಗಿಸಿದೆ, ಇನ್ನಷ್ಟು ಹಿಗ್ಗಿಸಿದೆ. ಕಪ್ಪು ಪಾಪೆಯೊಳಗೆ ಬಾಗಿಲಿನ ಚೌಕಟ್ಟು ಬೆಳ್ಳಗೆ ಮೂಡಿತ್ತು. ಅದರ ನಡುವೆ ಒಬ್ಬ ಮನುಷ್ಯನ ಕಪ್ಪು ನೆರಳು.

“ಯಾರ್ರೀ ಇವರು, ನನ್ನ ಕಣ್ಣಾಗ?” ಎಂದಳು ಶಾಂತಾ.

“ನಾನ.”

ಅವಳು ಪರದೆಯನ್ನು ಇನ್ನೂ ಹತ್ತಿರ ಎಳೆದುಕೊಂಡಳು. ಆ ನೆರಳು ಎರಡೂ ಕೈಗಳನ್ನು ಎತ್ತಿ ಮುಖದ ಮುಂದೆ ಏನನ್ನೋ ಹಿಡಿದುಕೊಂಡಿತ್ತು. ಅಷ್ಟು ಚಿಕ್ಕ ಚಿತ್ರದಲ್ಲಿ ಯಾವ ಕೈಗೆ ಎಷ್ಟು ಬೆರಳೆಂದು ಹೇಳುವಂತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ಇನ್ನೊಂದ ತಗೀರಿ” ಎಂದಳು. “ಈ ಸಲ ನಾ ನಗತೀನಿ.”